ಪಂಚಪದಗಳ ಜಪ ಮತ್ತು ಚಂಚಲಚಿತ್ತ

ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿ ೧೧೩೧ರಲ್ಲಿ ಶಿವಗಂಗೆಯಲ್ಲಿ ಮುಡಿಪಿದಳು. ಎಂಟು ವರ್ಷಗಳ ಹಿಂದೆ, ೧೧೨೩ರಲ್ಲಿ, ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥನನ್ನು ಪ್ರತಿಷ್ಠಾಪಿಸಿದವಳು ಆಕೆ. ಮಗಳ ಮರಣದ ವಾರ್ತೆಯನ್ನು ಕೇಳಿದ ತಾಯಿ ಮಾಚಿಕಬ್ಬೆ, ರಾಣಿಯೇ ದೇವಗತಿಯನ್ನು ಪಡೆದ ಮೇಲೆ ತಾನಿಲ್ಲಿ ಉಳಿಯಲಾರೆನೆಂದು ಬೆಳಗೊಳಕ್ಕೆ ಬಂದು ಸನ್ಯಸನವನ್ನು ಕೈಕೊಂಡಳೆಂದು ಚಂದ್ರಗಿರಿಯ ಶಾಸನವೊಂದು ತಿಳಿಸುತ್ತದೆ. ಪ್ರಭಾಚಂದ್ರ ಸಿದ್ಧಾಂತದೇವರು, ವರ್ಧಮಾನದೇವರು ಮತ್ತು ರವಿಚಂದ್ರದೇವರು ಈ ವ್ರತಕ್ಕೆ ಸಾಕ್ಷಿಗಳಾಗಿದ್ದರು. ಒಂದು ತಿಂಗಳ ಉಪವಾಸದ ಕೊನೆಗೆ ಆಕೆ ಸಮಾಧಿಯನ್ನು ಹೊಂದಿದಳು.

ಶಾಸನಕವಿಗಳು ಸಾಮಾನ್ಯವಾಗಿ ವಂಶ, ದಾನ, ಶೀಲಗಳನ್ನು ಹೊಗಳುತ್ತಾರೆ. ಈ ಶಾಸನದಲ್ಲಿಯೂ ಆ ಹೊಗಳಿಕೆಗಳಿಗೆ ಕೊರತೆಯಿಲ್ಲ. ಆದರೆ ಆ ಒಂದು ತಿಂಗಳನ್ನು ವರ್ಣಿಸುವಾಗ ಕವಿ ಆರಿಸಿಕೊಂಡ ವಿವರಗಳು ಬೇರೆಯವು. ಅರೆಮುಚ್ಚಿದ ಕಣ್ಣುಗಳು, ಐದು ಪದಗಳ ಉಚ್ಚಾರಣೆ, ಜಿನೇಂದ್ರನನ್ನು ಧ್ಯಾನಿಸುವ ಕ್ರಮ, ಬಂಧುಗಳನ್ನು ಬೀಳ್ಕೊಡುವಲ್ಲಿ ತೋರಿದ ಘನತೆ: ಇವು ನಾಲ್ಕನ್ನು ಆತ ಎಣಿಸಿ ಹೇಳುತ್ತಾನೆ. ಕಣ್ಣು, ತುಟಿ, ಮನಸ್ಸು, ಬಂಧುತ್ವ ಎಂಬ ನಾಲ್ಕು ನೆಲೆಗಳಲ್ಲಿ ನೆರೆದವರಿಗೆ ಏನು ಕಂಡಿತೆಂಬುದರ ದಾಖಲೆ ಇದು. ಇವುಗಳಲ್ಲಿ ಎರಡನೆಯದಾದ ಐದು ಪದಗಳ ಪುನರುಚ್ಚಾರಣೆ ಇಲ್ಲಿ ವಿಚಾರಾರ್ಹವಾದುದು. ಮಗಳನ್ನು ಕಳೆದುಕೊಂಡ ತಾಯಿಯ ಮನಸ್ಸಿನಲ್ಲಿ ಆ ಐದು ಪದಗಳು ಯಾವ ಕೆಲಸವನ್ನು ಮಾಡಬೇಕಾಗಿತ್ತು? ಅರ್ಥ ಗೊತ್ತಿರುವ ಮಾತನ್ನು ಮತ್ತೆ ಮತ್ತೆ ಹೇಳುವುದರಿಂದ ಮನಸ್ಸು ಶಾಂತವಾಗುತ್ತದೆಂದು ಜೈನ ಪರಂಪರೆ ಯಾವ ಆಧಾರದ ಮೇಲೆ ನಂಬಿತು?

ಈ ಪ್ರಶ್ನೆಗೆ ಉತ್ತರವನ್ನು ಮಂತ್ರಶಾಸ್ತ್ರದಲ್ಲಿ ಹುಡುಕುವ ಮೊದಲು ಧ್ಯಾನದ ಶಾಸ್ತ್ರೀಯ ಲಕ್ಷಣವನ್ನು ನೋಡುವುದು ಉಚಿತ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ, ಚಿಂತೆಯನ್ನು ಒಂದೇ ವಿಷಯದಲ್ಲಿ ನಿರೋಧಿಸುವುದನ್ನು ಧ್ಯಾನವೆಂದು ಕರೆದು, ಉತ್ತಮ ಸಂಹನನವುಳ್ಳವನಿಗೂ ಅದು ಅಂತರ್ಮುಹೂರ್ತದವರೆಗೆ ಮಾತ್ರ ಸಾಧ್ಯವೆಂದು ಹೇಳುತ್ತದೆ. ಮುಹೂರ್ತವೆಂದರೆ ೪೮ ನಿಮಿಷ. ಅಂತರ್ಮುಹೂರ್ತ ಅದಕ್ಕಿಂತ ಕಡಿಮೆಯದು. ಮನಸ್ಸಿನ ಶಕ್ತಿಯ ವಿಷಯದಲ್ಲಿ ಇಷ್ಟು ಮಿತವಾದ ಭರವಸೆಯನ್ನು ಕೊಡುವ ಲಕ್ಷಣ ವಿರಳ. ಸರ್ವಾರ್ಥಸಿದ್ಧಿಯನ್ನು ರಚಿಸಿದ ಪೂಜ್ಯಪಾದರು ಇದನ್ನು ವಿವರಿಸುತ್ತಾ, ಅನೇಕ ವಿಷಯಗಳನ್ನು ಅವಲಂಬಿಸುವುದರಿಂದ ಚಿಂತೆ ಸ್ಪಂದಿಸುತ್ತಿರುತ್ತದೆ, ಅದನ್ನು ಉಳಿದೆಲ್ಲ ಮುಖಗಳಿಂದ ತಿರುಗಿಸಿ ಒಂದರಲ್ಲಿ ನಿಲ್ಲಿಸುವುದೇ ನಿರೋಧ ಎನ್ನುತ್ತಾರೆ. ಅಲುಗಾಡದ ಜ್ವಾಲೆಯಂತೆ ಬೆಳಗುವ ಜ್ಞಾನವೇ ಧ್ಯಾನವೆಂಬುದು ಅವರ ನಿರೂಪಣೆಯ ತಾತ್ಪರ್ಯ. ದೀಪವನ್ನು ಆರಿಸಬೇಕಾಗಿಲ್ಲ, ಗಾಳಿಯನ್ನು ತಡೆದರೆ ಸಾಕು.

ಇದಕ್ಕಿಂತ ಮುಖ್ಯವಾದುದು ಮುಂದಿನ ಸೂತ್ರ. ಧ್ಯಾನದಲ್ಲಿ ನಾಲ್ಕು ಬಗೆ: ಆರ್ತ, ರೌದ್ರ, ಧರ್ಮ್ಯ, ಶುಕ್ಲ. ಇವುಗಳಲ್ಲಿ ಕೊನೆಯ ಎರಡು ಮಾತ್ರ ಮೋಕ್ಷಕ್ಕೆ ಕಾರಣ. ಮೊದಲ ಎರಡು ಬಂಧಕ್ಕೆ ಕಾರಣವಾದರೂ ಅವೂ ಧ್ಯಾನಗಳೇ. ದುಃಖಿತನ ಮನಸ್ಸಿಗೆ ಏಕಾಗ್ರತೆ ಇಲ್ಲವೆಂದು ಲೋಕ ಭಾವಿಸುತ್ತದೆ. ಶಾಸ್ತ್ರ ಹಾಗೆ ಭಾವಿಸುವುದಿಲ್ಲ. ಅನಿಷ್ಟವಾದುದು ಬಂದೊದಗಿದಾಗ ಅದನ್ನು ತೊಲಗಿಸುವ ಚಿಂತೆ, ಇಷ್ಟವಾದುದು ಅಗಲಿದಾಗ ಅದನ್ನು ಮರಳಿ ಪಡೆಯುವ ಚಿಂತೆ, ವೇದನೆಯ ಚಿಂತೆ, ಮುಂದಿನ ಭೋಗವನ್ನು ಬಯಸುವ ನಿದಾನ ಎಂದು ಆರ್ತಧ್ಯಾನವನ್ನು ನಾಲ್ಕಾಗಿ ವಿಭಜಿಸುವ ಸೂತ್ರಕಾರರು ಅದರ ಸ್ವರೂಪವನ್ನು ಹೇಳಲು ಬಳಸಿದ ಪದ ‘ಸ್ಮೃತಿಸಮನ್ವಾಹಾರ’. ಸ್ಮರಣೆಯನ್ನು ಮರಳಿ ಮರಳಿ ಅದೇ ಎಡೆಗೆ ತರುವುದು ಎಂದು ಇದರ ಅರ್ಥ. ಕಳೆದುಹೋದವರ ಮುಖ, ಆಡಬಾರದಿದ್ದ ಒಂದು ಮಾತು, ಆಡಬೇಕಾಗಿದ್ದ ಇನ್ನೊಂದು ಮಾತು ಕರೆಯದೆಯೇ ಬರುತ್ತವೆ, ಹೋಗೆಂದರೂ ಹೋಗುವುದಿಲ್ಲ. ಈ ದೃಷ್ಟಿಯಿಂದ ನೋಡಿದರೆ ಚಂಚಲಚಿತ್ತವೂ ಒಂದು ಬಗೆಯ ಜಪದಲ್ಲಿ ತೊಡಗಿರುತ್ತದೆ. ಅದಕ್ಕೆ ಮಾಲೆಯಿಲ್ಲ, ಎಣಿಕೆಯಿಲ್ಲ, ಮುಗಿತಾಯವಿಲ್ಲ ಎಂಬುದಷ್ಟೇ ವ್ಯತ್ಯಾಸ.

ಆರ್ತಧ್ಯಾನ ಯಾರಿಗೆ ಉಂಟಾಗುತ್ತದೆಂಬ ವಿವೇಚನೆಯೂ ಗಮನಾರ್ಹ. ಅವಿರತರಿಗೆ ಮತ್ತು ದೇಶವಿರತರಾದ ಶ್ರಾವಕರಿಗೆ ಮಾತ್ರವಲ್ಲದೆ ಪ್ರಮತ್ತಸಂಯತರಾದ ಮುನಿಗಳಿಗೂ ಅದು ಉಂಟಾಗಬಹುದೆಂದು ಸೂತ್ರ ಒಪ್ಪುತ್ತದೆ. ಪೂಜ್ಯಪಾದರು ಇಲ್ಲಿ ಒಂದು ವಿನಾಯಿತಿಯನ್ನು ಹೇಳುತ್ತಾರೆ. ಮುನಿಗೆ ಮೊದಲ ಮೂರು ಬಗೆಯ ಆರ್ತ ಬರಬಹುದು; ನಿದಾನ ಮಾತ್ರ ಬರುವುದಿಲ್ಲ. ಅಂದರೆ ಅಗಲಿಕೆಯ ನೋವಾಗಲಿ ರೋಗದ ವೇದನೆಯಾಗಲಿ ದೀಕ್ಷೆಯಿಂದಲೇ ಮಾಯವಾಗುವುದಿಲ್ಲ. ಬೇಡಿಕೆ ಮಾತ್ರ ಅಲ್ಲಿಗೆ ನಿಲ್ಲಬೇಕು. ಪಂಚಪದಗಳ ಜಪದ ಮರ್ಮವನ್ನು ತಿಳಿಯಲು ಈ ‘ನಿದಾನ’ ಎಂಬ ಪದ ಕೀಲಿಯಾಗುತ್ತದೆ.

ಪಂಚನಮಸ್ಕಾರದಲ್ಲಿ ಬೇಡಿಕೆಯೆಂಬುದೇ ಇಲ್ಲ. ಅರಿಹಂತ, ಸಿದ್ಧ, ಆಚಾರ್ಯ, ಉಪಾಧ್ಯಾಯ ಮತ್ತು ಲೋಕದ ಸಮಸ್ತ ಸಾಧುಗಳಿಗೆ ಐದು ಸಲ ನಮಸ್ಕರಿಸಿ ಅದು ಮುಗಿಯುತ್ತದೆ. ಯಾವ ತೀರ್ಥಂಕರರ ಹೆಸರೂ ಅದರಲ್ಲಿಲ್ಲ. ಕೊಡು, ಕಾಪಾಡು, ಕ್ಷಮಿಸು ಎಂಬ ಕ್ರಿಯಾಪದಗಳಿಲ್ಲ. ಪಠಿಸುವವನು ತನ್ನನ್ನು ಕುರಿತು ಒಂದು ಮಾತನ್ನೂ ಆಡುವುದಿಲ್ಲ. ಸಿದ್ಧರು ಲೋಕಾಗ್ರದಲ್ಲಿ ನೆಲಸಿ ರಾಗದ್ವೇಷಗಳಿಂದ ಮುಕ್ತರಾದವರಾದುದರಿಂದ ಅವರು ಒಲಿಯುವವರೂ ಅಲ್ಲ, ಮುನಿಯುವವರೂ ಅಲ್ಲ. ಕೇಳಿದರೂ ಕೊಡದವರ ಮುಂದೆ ಮತ್ತೆ ಮತ್ತೆ ತಲೆಬಾಗುವ ಈ ಪ್ರಾರ್ಥನೆ ನಮಸ್ಕಾರವನ್ನು ಪಡೆಯುವವರಲ್ಲಿ ಯಾವ ಬದಲಾವಣೆಯನ್ನೂ ನಿರೀಕ್ಷಿಸುವುದಿಲ್ಲ. ಬದಲಾಗಬೇಕಾದುದು ಹೇಳುವವನ ಚಿತ್ತ. ಈ ಪಂಚನಮಸ್ಕಾರವು ಸಕಲ ಪಾಪಗಳನ್ನು ಕಳೆಯುವುದೆಂದೂ ಮಂಗಳಗಳಲ್ಲಿ ಮೊದಲನೆಯದೆಂದೂ ಸಾರುವ ಚೂಲಿಕಾಗಾಥೆ ಸೇರಿದಾಗ ೩೫ ಅಕ್ಷರಗಳು ೬೮ ಆಗುತ್ತವೆ. ಆ ಗಾಥೆ ಕೂಡ ಫಲವನ್ನು ನಿರೂಪಿಸುತ್ತದೆಯೇ ಹೊರತು ಯಾಚಿಸುವುದಿಲ್ಲ.

ಈ ಐದು ಪದಗಳು ಒಮ್ಮೆಲೇ ರೂಪುಗೊಂಡವೆಂದು ಹೇಳಲು ಶಾಸನಗಳ ಆಧಾರವಿಲ್ಲ. ಒಡಿಶಾದ ಉದಯಗಿರಿಯ ಹಾಥಿಗುಂಫಾದಲ್ಲಿರುವ ಕಳಿಂಗಚಕ್ರವರ್ತಿ ಖಾರವೇಲನ ಹದಿನೇಳು ಸಾಲುಗಳ ಪ್ರಾಕೃತ ಶಾಸನ ಅರಹಂತರಿಗೂ ಸರ್ವಸಿದ್ಧರಿಗೂ ಸಲ್ಲಿಸುವ ಎರಡು ನಮಸ್ಕಾರಗಳಿಂದ ಆರಂಭವಾಗುತ್ತದೆ. ಐದೂ ಪದಗಳು ಕೂಡಿದ ಮಂಗಳವನ್ನು ಷಟ್ಖಂಡಾಗಮದ ಆರಂಭದಲ್ಲಿ ಕಾಣುತ್ತೇವೆ. ಆ ಗ್ರಂಥಕ್ಕೆ ಧವಲಾ ಟೀಕೆಯನ್ನು ೮೧೬ರಲ್ಲಿ ಮುಗಿಸಿದ ವೀರಸೇನಾಚಾರ್ಯರು ಈ ಮಂಗಳದ ಒಂದೊಂದು ಪದವನ್ನೂ ನಿಲ್ಲಿಸಿ ಪ್ರಶ್ನಿಸುತ್ತಾರೆ. ಸರ್ವಕರ್ಮಗಳನ್ನೂ ನೀಗಿದ ಸಿದ್ಧರಿರುವಾಗ ಅರಿಹಂತರಿಗೆ ಮೊದಲ ನಮಸ್ಕಾರವೇಕೆ? ಅರಿಹಂತರ ಉಪದೇಶವಿಲ್ಲದಿದ್ದರೆ ಸಿದ್ಧರ ಅರಿವೇ ನಮಗಾಗುತ್ತಿರಲಿಲ್ಲ ಎಂಬುದು ಅವರ ಸಮಾಧಾನ. ಕೊನೆಯ ಪದದಲ್ಲಿ ಬರುವ ‘ಲೋಕದ’ ಮತ್ತು ‘ಸರ್ವ’ ಎಂಬ ಮಾತುಗಳು ಅಂತ್ಯದೀಪಕಗಳು, ಅವು ಹಿಂದಿನ ನಾಲ್ಕು ಪದಗಳಿಗೂ ಅನ್ವಯಿಸುತ್ತವೆ ಎಂಬುದು ಅವರ ಮತ್ತೊಂದು ವಿವರಣೆ. ಶೋಕ ಒಬ್ಬರನ್ನೇ ನೆನೆಯುತ್ತದೆ. ನಮಸ್ಕಾರ ಕೊನೆಯ ಪದದಲ್ಲಿ ದೀಪ ಹಚ್ಚಿ ಲೋಕದ ಎಲ್ಲರನ್ನೂ ಕಾಣಿಸುತ್ತದೆ. ಈ ಟೀಕೆಯ ತಾಳೆಯೋಲೆಗಳನ್ನು ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಕಾಪಾಡಿದುದು ಮೂಡುಬಿದಿರೆಯ ಸಿದ್ಧಾಂತ ಬಸದಿ. ಹೀರಾಲಾಲ ಜೈನರ ಸಂಪಾದನೆಯಲ್ಲಿ ಅದರ ಮೊದಲ ಸಂಪುಟ ಅಚ್ಚಾದುದು ೧೯೩೯ರಲ್ಲಿ.

ಷಟ್ಖಂಡಾಗಮದ ಉತ್ಪತ್ತಿಯನ್ನು ಹೇಳುವಾಗ ವೀರಸೇನರು ಒಂದು ಪ್ರಸಂಗವನ್ನು ನಿರೂಪಿಸಿದ್ದಾರೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ವೃದ್ಧ ಧರಸೇನಾಚಾರ್ಯರು ತಮ್ಮ ಬಳಿಗೆ ಬಂದ ಇಬ್ಬರು ಮುನಿಗಳನ್ನು ಪರೀಕ್ಷಿಸಲು ಎರಡು ವಿದ್ಯೆಗಳನ್ನು ಕೊಟ್ಟರು. ಒಂದು ಮಂತ್ರದಲ್ಲಿ ಒಂದಕ್ಷರ ಹೆಚ್ಚಿತ್ತು, ಇನ್ನೊಂದರಲ್ಲಿ ಒಂದಕ್ಷರ ಕಡಿಮೆಯಿತ್ತು. ಇಬ್ಬರೂ ಉಪವಾಸವಿದ್ದು ಸಾಧಿಸಿದಾಗ ಒಬ್ಬಳು ಹಲ್ಲು ಮುಂಚಾಚಿದ, ಮತ್ತೊಬ್ಬಳು ಒಕ್ಕಣ್ಣಿನ ದೇವತೆಯಾಗಿ ಕಾಣಿಸಿಕೊಂಡರು. ದೇವತೆಗಳು ವಿಕೃತಾಂಗರಾಗಿರುವುದು ಸಹಜವಲ್ಲವೆಂದು ಯೋಚಿಸಿದ ಮುನಿಗಳು ಮಂತ್ರವ್ಯಾಕರಣದ ಬಲದಿಂದ ಅಕ್ಷರಗಳನ್ನು ತಿದ್ದಿ ಮತ್ತೆ ಜಪಿಸಿದರು. ಆಗ ದೇವತೆಗಳು ಸಹಜರೂಪದಲ್ಲಿ ಕಂಡರು. ಈ ಇಬ್ಬರೇ ಮುಂದೆ ಪುಷ್ಪದಂತ, ಭೂತಬಲಿ ಎಂದು ಪ್ರಸಿದ್ಧರಾಗಿ ಆಗಮವನ್ನು ಗ್ರಂಥಸ್ಥಗೊಳಿಸಿದವರು.

ಈ ಕಥೆಯನ್ನು ಮಂತ್ರಶಕ್ತಿಯ ಪವಾಡವೆಂದು ಓದುವುದು ಸುಲಭ. ಆದರೆ ಧರಸೇನರು ಪರೀಕ್ಷಿಸಿದುದು ಶಿಷ್ಯರ ಎಚ್ಚರವನ್ನು. ಗುರು ಕೊಟ್ಟದ್ದೆಂದು ತಪ್ಪನ್ನೇ ಮುಂದುವರಿಸಿದ್ದರೆ ಅವರು ಶ್ರುತವನ್ನು ಪಡೆಯಲು ಅರ್ಹರಾಗುತ್ತಿರಲಿಲ್ಲ. ದೇವತೆ ಪ್ರತ್ಯಕ್ಷಳಾದಾಗಲೂ ಅವರು ಬೆರಗಾಗಿ ನಿಲ್ಲದೆ ಅಕ್ಷರಗಳತ್ತ ಮರಳಿದರು. ಸಾವಿರ ಸಲ ಉಚ್ಚರಿಸಿದ ಮೇಲೂ ಉಚ್ಚರಿಸುತ್ತಿರುವುದೇನೆಂದು ಕೇಳಿಸಿಕೊಳ್ಳುವ ಕಿವಿ ಉಳಿದಿರಬೇಕೆಂಬ ಎಚ್ಚರಿಕೆಯನ್ನು ಈ ಕಥೆ ಒಳಗೊಂಡಿದೆ. ಪುನರುಚ್ಚಾರಣೆಯ ದೊಡ್ಡ ಅಪಾಯವೆಂದರೆ ನಾಲಗೆ ತನ್ನ ಪಾಡಿಗೆ ತಾನು ನಡೆದು ಮನಸ್ಸು ಹಳೆಯ ಜಾಡಿಗೆ ಹಿಂದಿರುಗುವುದು. ಆಗ ಎರಡು ಜಪಗಳು ಏಕಕಾಲಕ್ಕೆ ನಡೆಯುತ್ತವೆ: ತುಟಿಯ ಮೇಲೆ ನಮಸ್ಕಾರ, ಒಳಗೆ ಆರ್ತ.

ಈ ಅಪಾಯವನ್ನು ನಿವಾರಿಸಲು ಪರಂಪರೆ ಪದಗಳನ್ನು ಉಸಿರಿಗೆ ಕಟ್ಟಿತು. ದಿಗಂಬರ ಆಚಾರದಲ್ಲಿ ಒಂದು ಪಂಚನಮಸ್ಕಾರಕ್ಕೆ ಮೂರು ಉಚ್ಛ್ವಾಸಗಳು. ಮೊದಲೆರಡು ಪದಗಳು ಒಂದು ಉಸಿರಿನಲ್ಲಿ, ಮುಂದಿನ ಎರಡು ಮತ್ತೊಂದರಲ್ಲಿ, ಕೊನೆಯ ನೀಳಪದ ಮೂರನೆಯದರಲ್ಲಿ ನಡೆಯುತ್ತವೆ. ಒಂಬತ್ತು ನಮಸ್ಕಾರಗಳಾದರೆ ೨೭ ಉಚ್ಛ್ವಾಸಗಳ ಒಂದು ಕಾಯೋತ್ಸರ್ಗ. ಮೂಲಾಚಾರ ಕಾಯೋತ್ಸರ್ಗದ ಅವಧಿಯನ್ನು ಉಸಿರಿನಿಂದಲೇ ಅಳೆಯುತ್ತದೆ. ಹಗಲಿನ ಪ್ರತಿಕ್ರಮಣಕ್ಕೆ ೧೦೮ ಉಚ್ಛ್ವಾಸ, ರಾತ್ರಿಯದಕ್ಕೆ ೫೪, ಪಕ್ಷದ್ದಕ್ಕೆ ೩೦೦, ಚಾತುರ್ಮಾಸದ್ದಕ್ಕೆ ೪೦೦, ಸಂವತ್ಸರದ್ದಕ್ಕೆ ೫೦೦. ಗಡಿಯಾರವಿಲ್ಲದ ಕಾಲದಲ್ಲಿ ಇದು ಕಾಲಮಾಪನವೂ ಆಗಿತ್ತು. ಉಸಿರನ್ನು ಬಿಗಿಹಿಡಿಯುವ ಪ್ರಾಣಾಯಾಮದ ವಿಷಯದಲ್ಲಿ ಮಾತ್ರ ಜೈನಾಚಾರ್ಯರಿಗೆ ಸಂದೇಹವಿತ್ತು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಪ್ರಾಣವನ್ನು ಬಲವಂತವಾಗಿ ತಡೆದರೆ ದೇಹಕ್ಕೆ ಪೀಡೆ, ಪೀಡೆಯಿಂದ ಚಿತ್ತದ ಕ್ಷೋಭೆ ಎನ್ನುತ್ತಾರೆ. ಕಾಯೋತ್ಸರ್ಗದಲ್ಲಿ ಉಸಿರು ತನ್ನ ಸಹಜಗತಿಯಲ್ಲೇ ನಡೆಯುತ್ತದೆ. ಪದಗಳು ಅದರ ಮೇಲೆ ಸವಾರಿ ಮಾಡುತ್ತವೆ.

೧೦೮ರ ಎಣಿಕೆಗೂ ಶಾಸ್ತ್ರದಲ್ಲಿ ಕಾರಣವುಂಟು. ಒಂದು ಕಾರ್ಯವನ್ನು ಸಂಕಲ್ಪಿಸುವುದು, ಅದಕ್ಕೆ ಸಿದ್ಧವಾಗುವುದು, ಆರಂಭಿಸುವುದು ಎಂಬ ಮೂರು ಹಂತಗಳು. ಮನಸ್ಸು, ಮಾತು, ದೇಹ ಎಂಬ ಮೂರು ಯೋಗಗಳು. ತಾನೇ ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು ರೀತಿಗಳು. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳು. ಇವನ್ನು ಗುಣಿಸಿದಾಗ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಹೇಳುವ ಜೀವಾಧಿಕರಣದ ೧೦೮ ಭೇದಗಳು ದೊರೆಯುತ್ತವೆ. ಜಪಮಾಲೆಯ ೧೦೮ ಮಣಿಗಳನ್ನು ಪರಂಪರೆ ಈ ಲೆಕ್ಕದೊಡನೆ ಹೊಂದಿಸಿ ವಿವರಿಸುತ್ತದೆ. ಕರ್ಮ ಒಳಬರಬಲ್ಲ ಒಂದೊಂದು ಬಾಗಿಲಿಗೂ ಒಂದೊಂದು ನಮಸ್ಕಾರ.

ಆದರೂ ಎಣಿಕೆಯೇ ಧ್ಯಾನವಲ್ಲ. ಎಂಟನೆಯ ಶತಮಾನದ ಅಕಲಂಕದೇವರು ತತ್ತ್ವಾರ್ಥವಾರ್ತಿಕದಲ್ಲಿ ಈ ಅಭಿಪ್ರಾಯವನ್ನು ಎತ್ತಿಕೊಂಡು ನಿರಾಕರಿಸಿದ್ದಾರೆ. ಉಸಿರನ್ನು ತಡೆಹಿಡಿಯುವುದು ಧ್ಯಾನವಲ್ಲ, ಮಾತ್ರೆಗಳನ್ನು ಲೆಕ್ಕಹಾಕುವುದೂ ಧ್ಯಾನವಲ್ಲ ಎಂಬುದು ಅವರ ನಿಲುವು. ಎಣಿಸುತ್ತಿರುವ ಮನಸ್ಸು ಇನ್ನೂ ವ್ಯಗ್ರವಾಗಿಯೇ ಇದೆ. ಇದು ಜಪದ ನಿಷೇಧವಲ್ಲ, ಅದರ ಸ್ಥಾನನಿರ್ದೇಶ. ಎಣಿಕೆ ಮೆಟ್ಟಿಲು, ಧ್ಯಾನ ಮಾಳಿಗೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರ ಅನಗಾರಧರ್ಮಾಮೃತದಲ್ಲಿ ವಾಚಿಕ, ಉಪಾಂಶು, ಮಾನಸ ಎಂಬ ಜಪದ ಭೇದಗಳನ್ನು ಹೇಳಿ ಮಾನಸಕ್ಕೆ ಸಹಸ್ರಗುಣದ ಫಲವನ್ನು ಕೊಡುವುದರಲ್ಲಿಯೂ ಇದೇ ದಿಕ್ಕು ಕಾಣುತ್ತದೆ. ಧ್ವನಿ ತುಟಿಗೂ ತುಟಿಯಿಂದ ಮನಸ್ಸಿಗೂ ಇಳಿಯುತ್ತಾ ಹೋಗಬೇಕು.

ಈ ಇಳಿಕೆಯನ್ನು ಅಕ್ಷರಗಳ ಸಂಖ್ಯೆಯಲ್ಲೇ ತೋರಿಸಿದ ಗ್ರಂಥ ನೇಮಿಚಂದ್ರರ ದ್ರವ್ಯಸಂಗ್ರಹ. ಪರಮೇಷ್ಠಿವಾಚಕವಾದ ೩೫, ೧೬, ೬, ೫, ೪, ೨ ಮತ್ತು ೧ ಅಕ್ಷರಗಳ ಮಂತ್ರಗಳನ್ನು ಜಪಿಸಬೇಕು, ಧ್ಯಾನಿಸಬೇಕು ಎಂಬುದು ಅದರ ಒಂದು ಗಾಥೆಯ ಆಶಯ. ಮೂವತ್ತೈದು ಅಕ್ಷರಗಳದು ಪೂರ್ಣ ನಮಸ್ಕಾರ. ಹದಿನಾರರಲ್ಲಿ ನಮಸ್ಕಾರಶಬ್ದ ಬಿದ್ದುಹೋಗಿ ಐವರ ಹೆಸರುಗಳು ಮಾತ್ರ ಉಳಿಯುತ್ತವೆ. ಆರರಲ್ಲಿ ಅರಿಹಂತ, ಸಿದ್ಧರಿಬ್ಬರೇ. ಐದರಲ್ಲಿ ‘ಅ ಸಿ ಆ ಉ ಸಾ’ ಎಂಬ ಮೊದಲಕ್ಷರಗಳು. ನಾಲ್ಕರಲ್ಲಿ ಅರಿಹಂತ, ಎರಡರಲ್ಲಿ ಸಿದ್ಧ, ಒಂದರಲ್ಲಿ ಓಂಕಾರ. ಅರಿಹಂತ, ಅಶರೀರ, ಆಚಾರ್ಯ, ಉಪಾಧ್ಯಾಯ, ಮುನಿ ಎಂಬವರ ಆದ್ಯಕ್ಷರಗಳು ಸಂಧಿಗೊಂಡು ಓಂಕಾರವಾಯಿತೆಂಬುದು ಜೈನರ ನಿರ್ವಚನ. ಇದೇ ಕೃತಿಯಲ್ಲಿ ಕೆಲವೇ ಗಾಥೆಗಳ ಅನಂತರ, ದೇಹದಿಂದ ಏನನ್ನೂ ಮಾಡದೆ, ಏನನ್ನೂ ನುಡಿಯದೆ, ಏನನ್ನೂ ಚಿಂತಿಸದೆ ಆತ್ಮನಲ್ಲಿ ನೆಲೆಗೊಳ್ಳುವುದೇ ಪರಮಧ್ಯಾನವೆಂಬ ಮಾತು ಬರುತ್ತದೆ. ಹೀಗೆ ಮೂವತ್ತೈದರಿಂದ ಒಂದಕ್ಕೆ, ಒಂದರಿಂದ ಮೌನಕ್ಕೆ ಇಳಿಯುವ ಈ ಜಪ ತನ್ನನ್ನು ತಾನೇ ಕರಗಿಸಿಕೊಳ್ಳುವ ಉದ್ದೇಶದಿಂದ ರಚಿತವಾದುದು. ಅದೇ ಗ್ರಂಥ ಜಪವನ್ನು ಹೇಳುವ ಮೊದಲು, ಚಿತ್ತದ ಸ್ಥಿರತೆಯನ್ನು ಬಯಸುವವರು ಇಷ್ಟಾನಿಷ್ಟಗಳಲ್ಲಿ ಮೋಹ, ರಾಗ, ದ್ವೇಷಗಳನ್ನು ಮಾಡಬಾರದೆಂಬ ನಿಬಂಧನೆಯನ್ನೂ ಇಡುತ್ತದೆ. ಆರ್ತಧ್ಯಾನದ ಬೇರಿರುವುದು ಆ ಇಷ್ಟಾನಿಷ್ಟಗಳಲ್ಲೇ.

ಹನ್ನೊಂದನೆಯ ಶತಮಾನದ ಶುಭಚಂದ್ರಾಚಾರ್ಯರ ಜ್ಞಾನಾರ್ಣವ ಇದನ್ನೇ ದೃಶ್ಯರೂಪದಲ್ಲಿ ವಿಸ್ತರಿಸುತ್ತದೆ. ಪಿಂಡಸ್ಥ, ಪದಸ್ಥ, ರೂಪಸ್ಥ, ರೂಪಾತೀತ ಎಂಬ ನಾಲ್ಕು ಧ್ಯಾನಗಳಲ್ಲಿ ಪದಸ್ಥವು ಅಕ್ಷರಗಳನ್ನು ಅವಲಂಬಿಸಿದುದು. ನಾಭಿಯಲ್ಲಿ ಹದಿನಾರು ದಳದ ಕಮಲದ ಮೇಲೆ ಸ್ವರಗಳು, ಹೃದಯದಲ್ಲಿ ಇಪ್ಪತ್ತನಾಲ್ಕು ದಳ ಮತ್ತು ಕರ್ಣಿಕೆಯ ಮೇಲೆ ವರ್ಗೀಯ ವ್ಯಂಜನಗಳು, ಮುಖದಲ್ಲಿ ಎಂಟು ದಳಗಳ ಮೇಲೆ ಯಕಾರಾದಿ ಹಕಾರಾಂತ ವರ್ಣಗಳು. ಮನಸ್ಸು ಅಲೆಯುವುದಾದರೆ ಈ ದಳಗಳ ಮೇಲೆಯೇ ಅಲೆಯಲಿ ಎಂಬಂತೆ ಅದಕ್ಕೊಂದು ಅಂಗಳವನ್ನು ಕಟ್ಟಿಕೊಡುವ ಉಪಾಯವಿದು. ಹೇಮಚಂದ್ರರು ಯೋಗಶಾಸ್ತ್ರದ ಕೊನೆಯ ಪ್ರಕಾಶದಲ್ಲಿ ಚಿತ್ತದ ನಾಲ್ಕು ಅವಸ್ಥೆಗಳನ್ನು ಹೇಳುತ್ತಾರೆ. ಸುಮ್ಮನೆ ಅಲೆಯುವ ವಿಕ್ಷಿಪ್ತ, ಬಂದುಹೋಗುತ್ತಾ ಅಲ್ಪ ಆನಂದವನ್ನು ಕಾಣುವ ಯಾತಾಯಾತ, ನಿಂತು ಆನಂದಿಸುವ ಶ್ಲಿಷ್ಟ, ನಿಶ್ಚಲವಾದ ಸುಲೀನ. ಎರಡನೆಯ ಅವಸ್ಥೆಗೆ ಹೆಸರಿಟ್ಟು ಗೌರವಿಸಿದುದು ಅವರ ಅನುಭವದ ಗುರುತು. ಮನಸ್ಸು ಹೋದದ್ದು ಸೋಲಲ್ಲ, ಮರಳಿ ಬಂದದ್ದು ಸಾಧನೆ. ಅಲ್ಲಿಯೇ ಅವರು ಮದಗಜದ ಉಪಮೆಯನ್ನೂ ತರುತ್ತಾರೆ. ತಡೆದಷ್ಟೂ ಕೆರಳುವ ಆನೆ ತಡೆಯದಿದ್ದಾಗ ತಾನೇ ತಣಿಯುವಂತೆ ಮನಸ್ಸೂ ತಣಿಯುತ್ತದೆ. ಆರ್ತವನ್ನು ಆಜ್ಞಾಪಿಸಿ ಓಡಿಸಲಾಗದು. ಅದರ ಜಾಗದಲ್ಲಿ ಮತ್ತೊಂದನ್ನು ತಾಳ್ಮೆಯಿಂದ ಇಡಬಹುದು, ಬಿದ್ದಾಗ ಮತ್ತೆ ಇಡಬಹುದು.

ಪರಂಪರೆಯ ಇನ್ನೊಂದು ಮುಖವನ್ನೂ ಮರೆಯಲಾಗದು. ಶೂಲಕ್ಕೇರಿಸಲ್ಪಟ್ಟ ದೃಢಸೂರ್ಪನೆಂಬ ಕಳ್ಳ ಪಂಚನಮಸ್ಕಾರದಿಂದ ಸದ್ಗತಿಯನ್ನು ಪಡೆದನೆಂದು ಭಗವತೀ ಆರಾಧನೆ ಉದಾಹರಿಸುತ್ತದೆ. ಜೀವಂಧರಕುಮಾರ ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳಿದಾಗ ಅದು ಯಕ್ಷನಾಗಿ ಹುಟ್ಟಿ ಕೊನೆಯವರೆಗೂ ಅವನಿಗೆ ನೆರವಾಯಿತೆಂಬ ಕಥೆ ವಾದೀಭಸಿಂಹನ ಕ್ಷತ್ರಚೂಡಾಮಣಿಯಲ್ಲಿದೆ. ಜೀವಂಧರನ ಚರಿತೆಯನ್ನು ಭಾಸ್ಕರ ೧೪೨೪ರಲ್ಲಿ ಕನ್ನಡದ ಷಟ್ಪದಿಗೆ ತಂದ. ನಾಯಿಗೆ ಪ್ರಾಕೃತ ತಿಳಿಯದು. ಕಳ್ಳನಿಗೆ ತತ್ತ್ವಾರ್ಥ ತಿಳಿಯದು. ಹಾಗಾದರೆ ಶಬ್ದ ತಾನಾಗಿಯೇ ಫಲಿಸುತ್ತದೆಯೆ? ಇಂಥ ಕಥೆಗಳ ಜೊತೆಜೊತೆಗೆ ಬೇಡಿಕೆಯ ಮಂತ್ರಸಾಹಿತ್ಯವೂ ಬೆಳೆಯಿತು. ಮುಳುಗುಂದದಲ್ಲಿ ೧೦೪೭ರಲ್ಲಿ ಮಹಾಪುರಾಣವನ್ನು ಮುಗಿಸಿದ ಮಲ್ಲಿಷೇಣರೇ ಭೈರವಪದ್ಮಾವತೀಕಲ್ಪವನ್ನೂ ಬರೆದರು. ವಶ್ಯ, ಸ್ತಂಭನಗಳ ಪ್ರಯೋಗಗಳು ಅದರ ವಸ್ತು. ಒಂದೇ ಶತಮಾನದಲ್ಲಿ ಜಪದ ಎರಡು ದಾರಿಗಳು ಕವಲೊಡೆದು ನಿಂತಿದ್ದವು. ಇಂಥ ಅಸದ್ಧ್ಯಾನಗಳನ್ನು ಯೋಗಿ ಕನಸಿನಲ್ಲಾಗಲಿ ಕುತೂಹಲಕ್ಕಾಗಲಿ ಆಚರಿಸಬಾರದೆಂದು ಜ್ಞಾನಾರ್ಣವ ಎಚ್ಚರಿಸುವುದು ಈ ಹಿನ್ನೆಲೆಯಲ್ಲಿಯೇ ಅರ್ಥವಾಗುತ್ತದೆ. ಜಪ ಫಲವನ್ನು ಬೇಡತೊಡಗಿದ ಕ್ಷಣ ಅದು ನಿದಾನವಾಗುತ್ತದೆ. ನಿದಾನ ಆರ್ತದ ನಾಲ್ಕನೆಯ ಬಗೆ. ಮನಸ್ಸನ್ನು ಶಾಂತಗೊಳಿಸಬೇಕಾದ ಪ್ರಾರ್ಥನೆಯೇ ಅಶಾಂತಿಯ ಒಂದು ರೂಪವಾಗಿ ಪರಿಣಮಿಸುತ್ತದೆ. ನಾಯಿಯ ಕಥೆಯನ್ನೂ ಈ ಬೆಳಕಿನಲ್ಲಿ ನೋಡಿದರೆ ಅದರ ಸ್ವಾರಸ್ಯ ಬೇರೆಯಾಗುತ್ತದೆ. ನಾಯಿ ಏನನ್ನೂ ಬೇಡಲಿಲ್ಲ. ಹೊಡೆತದ ನೋವಿನ ನಡುವೆ ಅದರ ಕಿವಿಗೆ ವೈರವಿಲ್ಲದ ಒಂದು ಧ್ವನಿ ಬಿತ್ತು, ಅದರತ್ತ ಅದು ಗಮನವಿಟ್ಟಿತು.

ಸಾವಿನ ಹೊತ್ತಿನಲ್ಲಿ ಇಂಥ ಧ್ವನಿಯೊಂದು ಬಳಿಯಲ್ಲಿರಬೇಕೆಂಬ ಅರಿವಿನಿಂದಲೇ ಭಗವತೀ ಆರಾಧನೆ ಸಲ್ಲೇಖನೆಯನ್ನು ಕೈಕೊಂಡ ಕ್ಷಪಕನಿಗೆ ೪೮ ಮಂದಿ ನಿರ್ಯಾಪಕರನ್ನು ವಿಧಿಸುತ್ತದೆ. ದೇಹದ ಶುಶ್ರೂಷೆಗೆ ಕೆಲವರು, ಬಾಗಿಲು ಕಾಯಲು ಕೆಲವರು, ಧರ್ಮಕಥೆಯನ್ನು ಹೇಳಲು ಕೆಲವರು. ಹಸಿವು, ಬಾಯಾರಿಕೆ, ವೇದನೆಗಳಿಂದ ಕ್ಷಪಕನ ಮನಸ್ಸು ಕದಡಿದಾಗ ಆಚಾರ್ಯ ನೀಡುವ ಉಪದೇಶಕ್ಕೆ ಆ ಗ್ರಂಥದಲ್ಲಿ ‘ಕವಚ’ವೆಂದು ಹೆಸರು. ಕನ್ನಡದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಹುಟ್ಟಿದುದು ಈ ಕವಚದ ಗಾಥೆಗಳಿಂದ. ಒಬ್ಬ ಮನುಷ್ಯನ ಕೊನೆಯ ದಿನಗಳ ಚಿತ್ತವನ್ನು ಕಾಯುವ ಕಾರ್ಯದಿಂದ ಕನ್ನಡ ಗದ್ಯದ ಒಂದು ಶ್ರೇಷ್ಠ ಕೃತಿ ಮೂಡಿಬಂದಿತೆಂಬುದು ಸಾಹಿತ್ಯಚರಿತ್ರೆಯಲ್ಲಿ ಚಿಂತನೆಗೆ ಯೋಗ್ಯವಾದ ಸಂಗತಿ.

ಈ ಚೌಕಟ್ಟಿನಲ್ಲಿ ಮಾಚಿಕಬ್ಬೆಯ ಶಾಸನವನ್ನು ಮತ್ತೆ ಓದಬೇಕು. ಮಗಳಿಲ್ಲದೆ ಉಳಿಯಲಾರೆನೆಂಬ ಆಕೆಯ ಮೊದಲ ಮಾತು ಇಷ್ಟವಿಯೋಗದ ಆರ್ತವೇ. ಶಾಸನಕವಿ ಅದನ್ನು ಮುಚ್ಚಿಡಲಿಲ್ಲ. ಆದರೆ ಆಕೆ ಕೈಕೊಂಡ ವ್ರತದ ನಿಯಮಗಳು ಆ ಮಾತಿಗೆ ಎದುರಾಗಿವೆ. ಸಲ್ಲೇಖನೆಯ ಐದು ಅತಿಚಾರಗಳಲ್ಲಿ ಬದುಕುವ ಬಯಕೆಯಂತೆ ಸಾಯುವ ಬಯಕೆಯೂ ಒಂದು. ಪ್ರಿಯರ ಮೇಲಿನ ಅನುರಾಗ, ಹಿಂದಿನ ಸುಖದ ಸ್ಮರಣೆ, ನಿದಾನ ಇವು ಉಳಿದವು. ಮಗಳ ಬೆನ್ನುಹತ್ತಿ ಹೋಗಬೇಕೆಂಬ ಹಂಬಲದಿಂದ ಆ ವ್ರತ ಶುದ್ಧವಾಗಿ ಮುಗಿಯಲಾರದು. ಬೆಳಗೊಳಕ್ಕೆ ಬಂದ ತಾಯಿಗೂ ಅಲ್ಲಿ ಸಮಾಧಿ ಹೊಂದಿದಳೆಂದು ಮೂವರು ಗುರುಗಳ ಸನ್ನಿಧಿಯಲ್ಲಿ ದಾಖಲಾದ ತಾಯಿಗೂ ನಡುವೆ ಒಂದು ತಿಂಗಳಿದೆ. ಆ ತಿಂಗಳನ್ನು ತುಂಬಿದುದು ಐದು ಪದಗಳು.

ಒಂದು ಸಲಕ್ಕೆ ಮೂರು ಉಸಿರು. ಮಗಳ ನೆನಪು ಬಂದಾಗಲೆಲ್ಲ ಮತ್ತೆ ಮೊದಲ ಪದ. ಶಾಸನ ಆಕೆಯ ದುಃಖ ಅಳಿಯಿತೆಂದು ಹೇಳುವುದಿಲ್ಲ. ಕಣ್ಣುಗಳು ಅರೆಮುಚ್ಚಿದ್ದವು, ತುಟಿಗಳು ಚಲಿಸುತ್ತಿದ್ದವು, ಬಂಧುಗಳನ್ನು ಆಕೆ ಘನತೆಯಿಂದ ಬೀಳ್ಕೊಟ್ಟಳು ಎಂದಷ್ಟೇ ಹೇಳುತ್ತದೆ. ಇಷ್ಟವಿಯೋಗದಿಂದ ಬೆಳಗೊಳಕ್ಕೆ ಬಂದವಳು ಉಳಿದ ಇಷ್ಟರನ್ನು ತಾನೇ ಬೀಳ್ಕೊಡಬಲ್ಲವಳಾದಳೆಂಬ ಈ ಕೊನೆಯ ವಿವರವನ್ನು ಶಿಲೆಯಲ್ಲಿ ಕೊರೆಯಿಸಿದವರು ಪಂಚಪದಗಳ ಫಲವೇನೆಂಬುದನ್ನು ಬಲ್ಲವರಾಗಿದ್ದರು.